2008ಕ್ಕೆ ಮೂವತ್ತು ವರ್ಷ ಮೊದಲು

1978ರಲ್ಲಿ ಹೊರಬಂದ ‘ನಿತ್ಯೋತ್ಸವ’ ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ ಎಂದು ಹೆಸರಾಗಿದೆ. ಕವಿತೆ ಕೆ.ಎಸ್. ನಿಸಾರ್ ಅಹಮದ್ ಅವರದು, ರಾಗ ಮೈಸೂರು ಅನಂತಸ್ವಾಮಿಯವರದು. ಸುರುಳಿಗೆ ಹೆಸರು ಕೊಟ್ಟ ಹಾಡೇ ಅದನ್ನು ಮನೆಮನೆಗೆ ಒಯ್ದಿತು. ಇಂದಿನ ರಾಕ್ ತಂಡಗಳು ಆಲ್ಬಮ್ಮಿಗೆ ಮುನ್ನ ಬಿಡುವ ಸಿಂಗಲ್‌ನ ಕೆಲಸವೂ ಇಷ್ಟೇ. ಸಿನಿಮಾದ ಹಂಗಿಲ್ಲದ ಕನ್ನಡ ಹಾಡು ಜಾನಪದ-ರಾಕ್ ಗಾಯಕ ರಘು ದೀಕ್ಷಿತರ 2008ರ ಆಲ್ಬಮ್ಮಿನಿಂದ ಶುರುವಾಯಿತೆಂದು ಆಗಾಗ ಅಚ್ಚಾಗುವ ವಾದ ಈ ಮೂವತ್ತು ವರ್ಷಗಳನ್ನು ಸಲೀಸಾಗಿ ನುಂಗಿಹಾಕುತ್ತದೆ.

ಭಾವಗೀತೆ ಬೆಂಗಳೂರಿನ ಪಡಸಾಲೆಯ ಹವ್ಯಾಸವೆಂಬ ಮಾತೂ ಅಷ್ಟೇ ಪೊಳ್ಳು. ನಿಸಾರ್ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದವರು. ಹಾಡಿನಲ್ಲಿ ಜೋಗ, ತುಂಗೆಯ ಜೊತೆಗೆ ಸಹ್ಯಾದ್ರಿಯ ಅದಿರೂ ಬರುವುದು ಆಕಸ್ಮಿಕವಲ್ಲ (ಕವಿಗಳು ಸಾಮಾನ್ಯವಾಗಿ ಬೆಟ್ಟದ ಹಸಿರಿಗೇ ನಿಂತುಬಿಡುತ್ತಾರೆ). ಮಲೆನಾಡಿನ ಅದಿರು 1923ರಿಂದಲೇ ಭದ್ರಾವತಿಯ ಕುಲುಮೆಯಲ್ಲಿ ಕರಗುತ್ತಿತ್ತು. ಅದೇ ಊರಿನಲ್ಲಿ 1965ರಲ್ಲಿ ಆಕಾಶವಾಣಿ ಕೇಂದ್ರವೂ ಬಂತು; ಹಾಡಿಗೆ ಬೆಂಗಳೂರಿನಾಚೆಯೂ ಒಂದು ನೆಲೆ ಸಿಕ್ಕಿತು. ವಕೀಲರಾಗಿದ್ದ ಶಿವಮೊಗ್ಗ ಸುಬ್ಬಣ್ಣ ಭಾವಗೀತೆಗಳ ಈ ಸುಗಮ ಸಂಗೀತದ ಗಾಯಕರಾಗಿ ಬೆಳೆದು, ‘ಕಾಡು ಕುದುರೆ’ ಸಿನಿಮಾದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದರು. ಅಲ್ಲಿ ಸಿನಿಮಾ ಸುಗಮ ಸಂಗೀತದ ದನಿಯನ್ನು ಎರವಲು ಪಡೆಯಿತೇ ಹೊರತು ಕೊಡಲಿಲ್ಲ.

ರಾಕ್ ತಂಡಗಳು ಸ್ವಂತ ಮಾತು ಬರೆಯುತ್ತವೆ, ಭಾವಗೀತೆ ಕವಿಯನ್ನು ಆತುಕೊಳ್ಳುತ್ತದೆ ಎಂಬ ಭೇದವೂ ಪೂರ್ತಿ ನಿಲ್ಲದು: ರಘು ದೀಕ್ಷಿತರ ‘ಗುಡುಗುಡಿಯಾ’ ಹಾಡಿನ ಮಾತು ಕವಿ ಶಿಶುನಾಳ ಷರೀಫರದು. ನಿಜವಾಗಿ ಬದಲಾದದ್ದು ವಾದ್ಯ, ಸದ್ದು ಮತ್ತು ನಿಂತು ಕುಣಿಯುವ ಕೇಳುಗ.