ಟೆರೇಸಿನ ಮೇಲೆ ಎರಡು ಗೆರೆ

ನಾನು ದಿನಾ ಟೆರೇಸಿನ ಮೇಲೆ ರಂಗೋಲಿ ಹಾಕ್ತೀನಿ ಅಂದರೆ ನಗಬೇಡಿ. ಚುಕ್ಕಿ ಇಲ್ಲ, ಬಳ್ಳಿ ಇಲ್ಲ, ಬರೀ ಎರಡು ಉದ್ದ ಗೆರೆ. ನಮ್ಮತ್ತೆ ಮೊದಲ ದಿನ ಮೇಲೆ ಬಂದು ನೋಡಿದವರು, "ಬಾಗಿಲ ಮುಂದೆ ಒಂದು ದಿನಾನೂ ಇಷ್ಟು ನೆಟ್ಟಗೆ ಎಳೀಲಿಲ್ಲವಲ್ಲೇ" ಅಂದರು. ಗೆರೆ ನನ್ನ ಹನ್ನೆರಡು ವರ್ಷದ ಮಗಳಿಗೆ. ಅವಳು ಗಾಲ್ಫ್ ಆಡ್ತಾಳೆ.

"ಗಾಲ್ಫಾ? ಅದು ಸಾಹುಕಾರರ ಆಟ ಅಲ್ವಾ?" ಅಂತ ಕೇಳೋರಿಗೆ ಉತ್ತರ ಕೊಟ್ಟು ಸಾಕಾಗಿದೆ. ಬೆಂಗಳೂರಿಗೆ ಈ ಆಟ ಹೊಸದೇನಲ್ಲ, ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ನಮ್ಮನೆಗೆ ಮಾತ್ರ ಅದು ಬಂದದ್ದು 2021ರ ಆಗಸ್ಟಿನಲ್ಲಿ, ಟೋಕಿಯೋ ಒಲಿಂಪಿಕ್ಸಿನಲ್ಲಿ ನಮ್ಮೂರ ಹುಡುಗಿ ಅದಿತಿ ಅಶೋಕ್ ನಾಲ್ಕನೆಯವಳಾದ ದಿನ. ಪಾರ್ ಏನು, ಬರ್ಡಿ ಏನು ಅಂತ ಗೊತ್ತಿಲ್ಲದ ನಾವೆಲ್ಲ ಬೆಳಿಗ್ಗೆಯೇ ಟೀವಿ ಮುಂದೆ ಕೂತಿದ್ದೆವು. ಪದಕ ಒಂದೇ ಹೊಡೆತದಲ್ಲಿ ಕೈ ತಪ್ಪಿತು. ಆಕೆಯ ಬ್ಯಾಗ್ ಹೊತ್ತು ಜೊತೆಗೆ ನಡೆದವರು ಆಕೆಯ ಅಮ್ಮ. ಆಗ ಎಂಟು ವರ್ಷದವಳಾಗಿದ್ದ ನನ್ನ ಮಗಳು ನನ್ನ ಕಡೆ ತಿರುಗಿ, "ನೀನೂ ಹೊರ್ತೀಯಾಮ್ಮಾ?" ಅಂತ ಕೇಳಿದಳು.

ಹೊತ್ತೆ. ಯಾರೋ ಬಳಸಿ ಬಿಟ್ಟ ಅರ್ಧ ಸೆಟ್ ಕೋಲುಗಳು, ವಾರಕ್ಕೆರಡು ದಿನ ಡ್ರೈವಿಂಗ್ ರೇಂಜ್, ಉಳಿದ ದಿನ ಟೆರೇಸಿನಲ್ಲಿ ಹಳೇ ಕ್ರಿಕೆಟ್ ನೆಟ್ ಮತ್ತು ತೂತು ತೂತಿನ ಪ್ಲಾಸ್ಟಿಕ್ ಚೆಂಡು. ಒಂದು ವರ್ಷ ಕಳೆದರೂ ಅವಳ ಚೆಂಡು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಕೋಚ್ ಒಂದು ದಿನ ಹೇಳಿದರು: "ಕೈ ಚೆನ್ನಾಗಿದೆ ಮೇಡಂ. ನಿಲ್ಲೋದೇ ಸರಿ ಇಲ್ಲ."

ಇದು ನನಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡಿಯಿತು. ಕೇರಂನಲ್ಲಾಗಲಿ ಗೋಲಿಯಲ್ಲಾಗಲಿ ನಾವು ಗುರಿಗೆ ಎದುರಾಗಿ ಕೂರುತ್ತೇವೆ. ಗಾಲ್ಫಿನಲ್ಲಿ ಗುರಿ ಪಕ್ಕಕ್ಕಿರುತ್ತದೆ. ಬಲಗೈ ಆಟಗಾರರಿಗೆ ಎಡಭುಜದಾಚೆ. ಚೆಂಡು ಹೋಗಬೇಕಾದ ದಾರಿ ಒಂದು, ಕಾಲ್ಬೆರಳ ತುದಿಗಳನ್ನು ಸೇರಿಸುವ ಗೆರೆ ಇನ್ನೊಂದು. ಇವೆರಡೂ ರೈಲು ಹಳಿಯ ಹಾಗೆ ಸಮಾನಾಂತರ ಇರಬೇಕು. ಅಂದರೆ ಪಾದಗಳ ಗೆರೆ ಗುರಿಗಿಂತ ಸ್ವಲ್ಪ ಎಡಕ್ಕೆ ತೋರಿಸುತ್ತಿರಬೇಕು. ಮಕ್ಕಳು, ದೊಡ್ಡವರೂ ಅಷ್ಟೇ, ಪಾದಗಳನ್ನೇ ಗುರಿಯತ್ತ ತೋರಿಸಿ ನಿಲ್ಲುತ್ತಾರೆ. ಆಗ ಮೈ ಬಲಕ್ಕೆ ತಿರುಗಿರುತ್ತದೆ, ಕೈ ಅದನ್ನು ಸರಿಮಾಡಲು ಹೋಗಿ ಚೆಂಡನ್ನು ಎಡಕ್ಕೆ ಎಳೆಯುತ್ತದೆ. ಎರಡೇ ಎರಡು ಡಿಗ್ರಿ ತಪ್ಪಿದರೂ 150 ಗಜ ದೂರದಲ್ಲಿ ಚೆಂಡು ಐದು ಗಜಕ್ಕಿಂತ ಹೆಚ್ಚು ಪಕ್ಕಕ್ಕೆ ಬೀಳುತ್ತದೆ. ಅಲ್ಲಿರುವ ಗುಳಿಯ ಅಗಲವೋ ನಾಲ್ಕೂಕಾಲು ಇಂಚು.

ನಿಂತವರಿಗೆ ತಾವು ಸೊಟ್ಟಗೆ ನಿಂತಿದ್ದೇವೆ ಅಂತ ತಿಳಿಯುವುದೇ ಇಲ್ಲ. ನಾನೇ ನಿಂತು ನೋಡಿದೆ. ದೇವರಾಣೆ ನೆಟ್ಟಗಿದ್ದೀನಿ ಅಂದುಕೊಂಡಿದ್ದೆ. ಮಗಳು ನನ್ನ ಕಾಲ್ಬೆರಳ ಮುಂದೆ ಕೋಲಿಟ್ಟು ತೋರಿಸಿದಾಗ ಎದುರಿನ ತೆಂಗಿನ ಮರ ಬಿಟ್ಟು ಪಕ್ಕದ ಮನೆ ನೀರಿನ ಟ್ಯಾಂಕಿಗೆ ಗುರಿಯಿಟ್ಟಿದ್ದೆ.

ಇದಕ್ಕೆ ಅಂಗಡಿಯಲ್ಲಿ ಬೇಕಾದಷ್ಟು ಸಾಮಾನುಗಳಿವೆ. ಪಾದದ ಗುರುತು ಬರೆದ ಚಾಪೆ, ನೆಲದ ಮೇಲಿಟ್ಟು ಬಗ್ಗಿ ನೋಡಿಕೊಳ್ಳುವ ಕನ್ನಡಿ, ಲೇಸರ್ ದೀಪ. ನಾವು ಕೊಂಡದ್ದು ಎರಡು ಫೈಬರ್ ಗ್ಲಾಸ್ ಕಡ್ಡಿ ಮಾತ್ರ. ಒಂದನ್ನು ಚೆಂಡಿನಾಚೆ ಗುರಿಯ ಕಡೆಗೆ, ಇನ್ನೊಂದನ್ನು ಕಾಲ್ಬೆರಳ ಮುಂದೆ ಇಡೋದು. ಅದೇ ಕಡ್ಡಿಯನ್ನು ತೊಡೆಗೆ, ಭುಜಕ್ಕೆ ಅಡ್ಡ ಹಿಡಿದರೆ ಪಾದ ಸರಿಯಿದ್ದೂ ಭುಜ ತಿರುಗಿದೆಯಾ ಅನ್ನೋದೂ ಗೊತ್ತಾಗುತ್ತದೆ. ಕಡ್ಡಿ ಸರಿದಾಡುತ್ತೆ ಅಂತ ಟೆರೇಸಿನಲ್ಲಿ ರಂಗೋಲಿ ಪುಡಿ. ನಾನು ಹಿಂದೆ ನಿಂತು, "ಎಡಗಾಲು ಒಂಚೂರು ಹಿಂದೆ ಕಣೇ" ಅಂತ ಹೇಳ್ತಾ ಇರೋದು. ಮೂರೇ ತಿಂಗಳಲ್ಲಿ ಚೆಂಡು ದಾರಿಗೆ ಬಂತು. ನಾನು ಬೀಗಿದೆ.

ಹೋದ ವರ್ಷ ಅವಳ ಮೊದಲ ಟೂರ್ನಮೆಂಟ್. ಏಳನೇ ಗುಳಿ. ಗಾಬರಿಯಲ್ಲಿದ್ದಳೇನೋ, ಬ್ಯಾಗಿನಿಂದ ಇನ್ನೊಂದು ಕೋಲು ತೆಗೆದು ಕಾಲ್ಬೆರಳ ಮುಂದೆ ನೆಲಕ್ಕಿಟ್ಟು ನಿಂತಳು, ಟೆರೇಸಿನಲ್ಲಿ ನಿಲ್ಲೋ ಹಾಗೆ. ಜೊತೆಗೆ ಆಡುತ್ತಿದ್ದ ಹುಡುಗಿ ಮೆಲ್ಲಗೆ "ಏಯ್, ಅದು ಇಡಬಾರದು" ಅಂದಳು. ಇವಳು ತಟ್ಟನೆ ಹಿಂದೆ ಸರಿದು ಕೋಲು ಎತ್ತಿಕೊಂಡಳು. ಚೆಂಡನ್ನು ಮುಟ್ಟಿರಲೇ ಇಲ್ಲ. ಆದರೂ ಎರಡು ಹೊಡೆತ ದಂಡ.

ನಿಯಮ ಹಾಗೇ ಇದೆ. ನಿಲ್ಲುವ ದಿಕ್ಕು ಹಿಡಿಯಲು ಏನನ್ನಾದರೂ ಇಟ್ಟು ನಿಂತರೆ, ಆಮೇಲೆ ಎತ್ತಿದರೂ ದಂಡ ತಪ್ಪದು. ಬ್ಯಾಗ್ ಹೊರುವವರು ಹಿಂದೆ ನಿಂತು ದಿಕ್ಕು ಹೇಳುವುದಕ್ಕೂ 2019ರಿಂದ ತಡೆ. ಅಂದರೆ ನಾನು ಟೆರೇಸಿನಲ್ಲಿ ಒಂದೂವರೆ ವರ್ಷ ಕಲಿಸಿದ ಎರಡೂ ಅಭ್ಯಾಸ ಮೈದಾನದಲ್ಲಿ ನಿಷಿದ್ಧ! ಕೋಚ್ ಹೇಳಿದ್ದರಂತೆ, "ಕಡ್ಡಿ ಅಭ್ಯಾಸಕ್ಕೆ ಮಾತ್ರ" ಅಂತ. ನಾನು ಕೇಳಿಸಿಕೊಂಡಿರಲಿಲ್ಲ.

ಐದನೆಯವಳಾದಳು. ಆ ಎರಡು ಇಲ್ಲದಿದ್ದರೆ ಮೂರನೇ ಜಾಗಕ್ಕೆ ಸಮ. ಮನೆಗೆ ಬರುವಾಗ ಹಿಂದಿನ ಸೀಟಿನಲ್ಲಿ ಒಂದು ಮಾತಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ, "ಗೆರೆ ಇಲ್ದೆ ನಂಗೆ ನಿಲ್ಲೋಕೇ ಬರಲ್ಲಮ್ಮಾ" ಅಂದಳು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಈಗ ಕ್ರಮ ಬದಲಾಗಿದೆ. ಜ್ಯಾಕ್ ನಿಕ್ಲಾಸ್ ಮಾಡುತ್ತಿದ್ದ ಉಪಾಯವನ್ನು ಕೋಚ್ ಹೇಳಿಕೊಟ್ಟರು. ಚೆಂಡಿನ ಹಿಂದೆ ನಿಂತು ಗುರಿ ನೋಡಿ, ಅದೇ ದಾರಿಯಲ್ಲಿ ಚೆಂಡಿಗಿಂತ ಸ್ವಲ್ಪ ಮುಂದೆ ಒಂದು ಒಣಗಿದೆಲೆಯನ್ನೋ ಬೋಳು ಹುಲ್ಲಿನ ಜಾಗವನ್ನೋ ಗುರುತಿಟ್ಟುಕೊಳ್ಳೋದು. ಅಲ್ಲೇ ಇದ್ದದ್ದನ್ನು ನೋಡಬಹುದು, ನಾವಾಗಿ ತಂದಿಡಬಾರದು, ಅಷ್ಟೇ. ದೂರದ ಬಾವುಟಕ್ಕಿಂತ ಹತ್ತಿರದ ಎಲೆಗೆ ನೇರವಾಗೋದು ಸುಲಭ. ಮೊದಲು ಕೋಲಿನ ಮುಖ ಎಲೆಗೆ, ಆಮೇಲೆ ಪಾದ. ಪಾದ ಮೊದಲು ಇಟ್ಟರೆ ಮುಗಿಯಿತು, ಮತ್ತೆ ಟ್ಯಾಂಕೇ.

ರಂಗೋಲಿ ಈಗಲೂ ಇದೆ, ಆದರೆ ಹಿಂದುಮುಂದು. ಮೊದಲು ಅವಳು ಬರೀ ನೆಲದ ಮೇಲೆ ನಿಲ್ಲುತ್ತಾಳೆ, ನಾನು ತುಟಿ ಬಿಚ್ಚೋ ಹಾಗಿಲ್ಲ. ಅದು ನನಗೆ ಎಷ್ಟು ಕಷ್ಟ ಅಂತ ತಾಯಂದಿರಿಗೆ ಗೊತ್ತು. "ಈಗ ಎಳಿ ಅಮ್ಮಾ" ಅಂದ ಮೇಲೆ ಅವಳ ಬೆರಳ ತುದಿಗೆ ಪುಡಿ ಬಿಡ್ತೀನಿ. ಇಬ್ಬರೂ ಹಿಂದೆ ಬಂದು ಗೆರೆ ಎಲ್ಲಿಗೆ ಹೋಗುತ್ತೆ ಅಂತ ನೋಡ್ತೀವಿ. ಮೊದಮೊದಲು ಟ್ಯಾಂಕ್, ಆಮೇಲೆ ಟ್ಯಾಂಕಿನ ಪೈಪು. ಹೋದ ಭಾನುವಾರ ತೆಂಗಿನ ಮರಕ್ಕೆ ಎರಡು ಬೆರಳಷ್ಟು ಬಲಕ್ಕಿತ್ತು.