ಗುಳಿಗೆ ಕೊಟ್ಟು ಕೈತೊಳೆಯಬೇಡಿ

ಗುಹ್ಯರೋಗದ ಮಾತೆತ್ತಿದರೆ ಮರ್ಯಾದಸ್ಥರು ಮುಖ ತಿರುಗಿಸುತ್ತಾರೆ. ರೋಗ ಮಾತ್ರ ಯಾರ ಮರ್ಯಾದೆಯನ್ನೂ ನೋಡುವುದಿಲ್ಲ. ವಾಡಿ, ಸೇಡಂಗಳಿಂದ ಸಿಮೆಂಟು ಹೊರುವ ಲಾರಿಯವನು, ಶಹಾಬಾದ್, ಚಿತ್ತಾಪುರಗಳ ಕಲ್ಲುಗಣಿಯ ಆಳು, ಚಿಂಚೋಳಿಯಿಂದ ಮುಂಬಯಿಗೆ ಗುಳೆ ಹೋಗುವ ಕೂಲಿ, ಊರಲ್ಲೇ ಉಳಿದ ಅವನ ಹೆಂಡತಿ – ಇವರ ಆರೋಗ್ಯದ ಪ್ರಶ್ನೆ ಇದು.

ಇಂಥ ರೋಗಗಳನ್ನು ತಡೆಯಲು ಮುಂಜಾಗ್ರತೆಯಾಗಿ ಆಂಟಿಬಯೋಟಿಕ್ ಕೊಡಬಹುದೇ? ಸಂಭೋಗವಾದ 72 ಗಂಟೆಯೊಳಗೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ನುಂಗುವ ಕ್ರಮವನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ಕೆಲವರಿಗೆ ಮಾತ್ರ, ಅಂದರೆ ಹಿಂದಿನ ವರ್ಷ ಇಂಥ ರೋಗ ಬಂದಿದ್ದ ಸಲಿಂಗಕಾಮಿ ಪುರುಷರಿಗೂ ಲಿಂಗಾಂತರಿ ಮಹಿಳೆಯರಿಗೂ ಸೂಚಿಸಿತು. ಸಿಫಿಲಿಸ್, ಕ್ಲಮೀಡಿಯಾಗಳಿಗೆ ಅದು ಚೆನ್ನಾಗಿ ತಡೆಯೊಡ್ಡುತ್ತದೆ, ಗೊನೋರಿಯಾಕ್ಕೆ ಅಷ್ಟಿಲ್ಲ. ಕೆನ್ಯಾದ ಹೆಂಗಸರ ಮೇಲೆ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ರಕ್ಷಣೆಯೇ ಕಾಣಲಿಲ್ಲ. ಪರೀಕ್ಷಿಸಿದ ಕೂದಲಿನ ಮಾದರಿಗಳಲ್ಲಿ ಹೆಚ್ಚಿನವುಗಳಲ್ಲಿ ಔಷಧಿಯ ಸುಳಿವೇ ಇರಲಿಲ್ಲ. ಗುಳಿಗೆ ಕೈಗೆ ಸೇರಿತು, ಹೊಟ್ಟೆಗೆ ಸೇರಲಿಲ್ಲ.

ಆರೋಗ್ಯ ಸೇವಕರಲ್ಲಿ ಎರಡು ಮಾತಿದೆ. ಔಷಧಿಗೆ ಬಗ್ಗದ ಕ್ರಿಮಿ ಬೆಳೆದೀತು ಎಂದು ಕೆಲವರು ಅಂಜುತ್ತಾರೆ. ಇಂದು ಬಂದ ಹೆಣ್ಣುಮಗಳು ನಾಳೆ ಬರುವ ನೆಚ್ಚಿಕೆಯಿಲ್ಲ, ಇಂದೇ ಕೊಡಬೇಕು ಎಂದು ಇತರರು ಹೇಳುತ್ತಾರೆ. ಎರಡೂ ನಿಜ. ಆದರೆ ನಾವು ಕೇಳುತ್ತೇವೆ: ಕ್ರಿಮಿಯ ಭಯ ಬಡವರ ಮುಂದೆ ಮಾತ್ರ ಏಕೆ ಏಳುತ್ತದೆ? ನೆಗಡಿಗೂ ಆಂಟಿಬಯೋಟಿಕ್ ಬರೆಯುವಾಗ, ಅಂಗಡಿಯಲ್ಲಿ ಚೀಟಿಯಿಲ್ಲದೆ ಮಾರುವಾಗ ಅದು ಎಲ್ಲಿ ಅಡಗುತ್ತದೆ? ಸೆಫಿಕ್ಸಿಮ್ ಮಾರಿದ್ದಕ್ಕೆ ಪ್ರತ್ಯೇಕ ಪುಸ್ತಕದಲ್ಲಿ ಲೆಕ್ಕವಿಡಬೇಕೆಂಬ ನಿಯಮ 2014ರಿಂದಲೇ ಜಾರಿಯಲ್ಲಿದೆ. ಮೊದಲು ಆ ಪುಸ್ತಕ ತೆರೆಯಿರಿ.

ಮುಂಚಿತ ಚಿಕಿತ್ಸೆ ನಮ್ಮ ದೇಶಕ್ಕೂ ಹೊಸದಲ್ಲ. ಲೈಂಗಿಕ ಕಾರ್ಯಕರ್ತೆಯರಿಗೆ ಲಕ್ಷಣವಿಲ್ಲದಿದ್ದರೂ ಮೊದಲ ಭೇಟಿಯಲ್ಲೇ 1 ಗ್ರಾಂ ಅಜಿತ್ರೊಮೈಸಿನ್, 400 ಮಿಲಿಗ್ರಾಂ ಸೆಫಿಕ್ಸಿಮ್ ಕೊಡುವ ಕ್ರಮವನ್ನು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೇ ರೂಪಿಸಿತು. ಮೈಸೂರಿನಲ್ಲಿ ಆ ಹೆಂಗಸರೇ ಆಶೋದಯ ಸಮಿತಿ ಕಟ್ಟಿ, ಕಾಂಡೋಮು ಹಂಚಿ, ಚಿಕಿತ್ಸಾಲಯಕ್ಕೆ ಜೊತೆಗಾತಿಯರನ್ನು ಕರೆತಂದರು. 2004ರಲ್ಲಿ ಸಮೀಕ್ಷೆಗೆ ಒಳಗಾದವರಲ್ಲಿ ಶೇಕಡಾ 25ರಷ್ಟಿದ್ದ ಸಿಫಿಲಿಸ್ 2006ಕ್ಕೆ ಶೇಕಡಾ 12ಕ್ಕೆ ಇಳಿಯಿತು. ಬರಿಯ ಗುಳಿಗೆಯಿಂದ ಆದ ಕೆಲಸವಲ್ಲ ಇದು, ನಂಬಿಕೆಯಿಂದ ಆದದ್ದು.

ಆದ್ದರಿಂದ ನಮ್ಮ ಒತ್ತಾಯ ಸ್ಪಷ್ಟ. ಈ ಐದೂ ಊರುಗಳ ಸರಕಾರಿ ಆಸ್ಪತ್ರೆಗಳಲ್ಲಿ ರಕ್ತಪರೀಕ್ಷೆ, ಪೆನಿಸಿಲಿನ್, ಗುಟ್ಟು ಕಾಯುವ ಕೋಣೆ ಸದಾ ಇರಲಿ. ಯಾರಿಗೆ ಮುಂಚಿತ ಔಷಧಿ ಬೇಕೆಂದು ನಿರ್ಧರಿಸುವಾಗ ತಜ್ಞರೊಡನೆ ದಾದಿಯನ್ನೂ ಆಶಾ ಕಾರ್ಯಕರ್ತೆಯನ್ನೂ ಕೂಡಿಸಿ ಕೇಳಿ. ಕೊಟ್ಟ ಔಷಧಿಗೆ ಕ್ರಿಮಿ ಬಗ್ಗುತ್ತಿದೆಯೇ ಎಂದು ಪ್ರಯೋಗಾಲಯ ನೋಡುತ್ತಿರಲಿ. ಇದೊಂದನ್ನೂ ಮಾಡದೆ ಗುಳಿಗೆ ಹಂಚಿದರೆ ಅದು ಮೋಸ; ಇದೊಂದನ್ನೂ ಮಾಡದೆ ಗುಳಿಗೆ ನಿರಾಕರಿಸಿದರೆ ಅದು ಕ್ರೌರ್ಯ. ದುಡಿಯುವ ಜನ ಎರಡನ್ನೂ ಒಪ್ಪಬಾರದು.