ಅಡ್ಡಹೆಸರು

ಗ್ರಂಥಗಳಲ್ಲಿ ಉಪನಾಮವೆಂದು ಬರೆಯಲ್ಪಡುವುದನ್ನು ನಮ್ಮ ಮಕ್ಕಳು ಅಡ್ಡಹೆಸರೆಂದೇ ಹೇಳುವರು. ಶಾಲೆಯನ್ನು ಬಿಟ್ಟು ಬಹು ವರ್ಷಗಳಾದ ಮೇಲೆ, ಹಾಜರಿ ಪುಸ್ತಕದ ಹೆಸರು ಮರೆತುಹೋಗಿ ಅಡ್ಡಹೆಸರೊಂದೇ ಗೆಳತಿಯರ ನೆನಪಿನಲ್ಲಿ ಉಳಿಯುವುದುಂಟು. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ಆ ಮಾತನ್ನು ಕುರಿತು ತುಸು ವಿಚಾರಮಾಡುವುದು ಅನುಚಿತವಾಗಲಾರದು.

'ಅಡ್ಡ' ಎಂಬುದು ಅಚ್ಚಗನ್ನಡ ನುಡಿ. ಅಡ್ಡದಾರಿ, ಅಡ್ಡಗೋಡೆ, ಅಡ್ಡತೊಲೆ ಎಂಬಲ್ಲಿರುವಂತೆ, ನೇರವಾದುದಕ್ಕೆ ಎದುರಾಗಿ ಹಾಯ್ದಿರುವುದೆಂದು ಅದರ ಅರ್ಥ. ತಂದೆತಾಯಿಗಳು ಇಟ್ಟುದು ನೇರವಾದ ಹೆಸರು. ಪಕ್ಕದಿಂದ ಬಂದು ಸೇರಿದುದು ಅಡ್ಡಹೆಸರು. ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರಿಗೂ ಅಡ್ಡಹೆಸರೆನ್ನುವರು. ಮರಾಠಿಯ 'ಆಡನಾವ' ಎಂಬುದೂ ಇದೇ ಕಟ್ಟಿನ, ಇದೇ ಅರ್ಥದ ಮಾತು. ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳನ್ನು ಅಲ್ಲಿಯವರು ಯಾವ ಸಂಕೋಚವೂ ಇಲ್ಲದೆ ಬರೆದುಕೊಳ್ಳುವರು. ಇಂಗ್ಲಿಷಿನ 'ನಿಕ್‌ನೇಮ್' ಎಂಬುದು ಮೊದಲು 'ಈಕ್‌ನೇಮ್' ಆಗಿತ್ತು. 'ಈಕ್' ಎಂದರೆ ಹೆಚ್ಚಿನದು. ಹಿಂದಿದ್ದ 'ಆ್ಯನ್' ಎಂಬುದರ ನಕಾರವು 15ನೆಯ ಶತಮಾನದ ವೇಳೆಗೆ ಮುಂದಿನ ಮಾತಿಗೆ ಅಂಟಿಕೊಂಡಿತು. ಹೀಗೆ ಎರಡು ಭಾಷೆಗಳಲ್ಲಿಯೂ ಮೂಲದಲ್ಲಿ ನಿಂದೆಯ ಅರ್ಥವಿಲ್ಲ.

ಸತ್ಯವೇದವೂ ಇದಕ್ಕೆ ಸಾಕ್ಷಿ. ಯೇಸುಸ್ವಾಮಿಯು ಸೀಮೋನನಿಗೆ ಬಂಡೆಯೆಂಬರ್ಥದ ಕೇಫನೆಂಬ ಹೆಸರಿಟ್ಟನು. ಜೆಬೆದಾಯನ ಮಕ್ಕಳನ್ನು ಗುಡುಗಿನ ಮಕ್ಕಳೆಂದು ಕರೆದನು. ಅಪೊಸ್ತಲರು ಯೋಸೇಫನನ್ನು ಬಾರ್ನಬನೆಂದು, ಅಂದರೆ ಸಂತೈಸುವವನೆಂದು, ಕರೆದರು. ಇವೆಲ್ಲ ಕರೆಯಿಸಿಕೊಂಡವನ ಗುಣವನ್ನು ಕಂಡು, ಅಥವಾ ಅವನಿಂದ ಆಗಬೇಕಾದುದನ್ನು ಕಂಡು ಇಟ್ಟ ಹೆಸರುಗಳು.

ನಮ್ಮಂತಹ ಶಾಲೆಗಳಲ್ಲಿ ಅಡ್ಡಹೆಸರು ಹುಟ್ಟುವುದಕ್ಕೆ ಸಹಜವಾದ ಕಾರಣವೂ ಉಂಟು. ಒಂದೇ ತರಗತಿಯಲ್ಲಿ ಮೂವರು ಮೇರಿಯರೂ ಇಬ್ಬರು ಗ್ರೇಸಮ್ಮನವರೂ ಇದ್ದರೆ ಗುರುತಿಗಾಗಿ ಮತ್ತೊಂದು ಮಾತು ಬೇಕೇ ಬೇಕು. ಹಾಡುವ ಮೇರಿ ಎಂದರೆ ಯಾರಿಗೂ ನೋವಿಲ್ಲ. ಆದರೆ ಕರಿ ಮೇರಿ, ಡುಮ್ಮಿ, ಕಡ್ಡಿ ಎಂದು ಮೈಯನ್ನು ಹಿಡಿದು ಕರೆದಾಗ, ಆ ಬಾಲಿಕೆಯು ದೇವರು ಕೊಟ್ಟ ಬಣ್ಣವನ್ನೂ ಅಂಗವನ್ನೂ ಅಪರಾಧವೆಂದು ಎಣಿಸಲು ಕಲಿಯುವಳು. ಪ್ರಶ್ನೆಗೆ ಉತ್ತರ ತಿಳಿದಿದ್ದರೂ ಎದ್ದು ನಿಲ್ಲಲು ಹಿಂಜರಿಯುವಳು.

ಅಂತಿಯೋಕ್ಯದಲ್ಲಿ 'ಕ್ರೈಸ್ತರು' ಎಂಬ ಹೆಸರನ್ನು ಶಿಷ್ಯರಿಗೆ ಹೊರಗಿನವರು ಇಟ್ಟರೆಂದು ಪಂಡಿತರಲ್ಲಿ ಅನೇಕರ ಅಭಿಪ್ರಾಯ. ಅದನ್ನು ಅವರು ಗೌರವವಾಗಿ ಧರಿಸಲಿಲ್ಲವೇ, ಮಕ್ಕಳೂ ಹಾಗೆಯೇ ಸಹಿಸಲಿ ಎಂದು ಕೆಲವರು ಹೇಳಬಹುದು. ಅವರು ಬುದ್ಧಿ ಬಲಿತವರು, ತಾವಾಗಿ ಒಪ್ಪಿಕೊಂಡವರು. ಹತ್ತು ವರ್ಷದ ಹುಡುಗಿಗೆ ಒಪ್ಪುವ ಅಥವಾ ನಿರಾಕರಿಸುವ ಶಕ್ತಿ ಎಲ್ಲಿದೆ?

ಅಡ್ಡಹೆಸರುಗಳನ್ನೇ ನಿಷೇಧಿಸಬೇಕೆಂಬುದು ನನ್ನ ಮತವಲ್ಲ. ನಿಷೇಧಿಸಿದರೆ ಅವು ಉಪಾಧ್ಯಾಯಿನಿಯರ ಬೆನ್ನ ಹಿಂದೆ ಬೆಳೆಯುವುವು. ಕರೆಯಿಸಿಕೊಳ್ಳುವವಳು ತನ್ನ ತಾಯಿಯ ಮುಂದೆ ಆ ಹೆಸರನ್ನು ಸಂತೋಷದಿಂದ ಹೇಳಬಲ್ಲಳೇ ಎಂಬ ಪರೀಕ್ಷೆಯೊಂದೇ ಸಾಕು. ಇದರಲ್ಲಿ ಗೆಲ್ಲದ ಹೆಸರು ಹಿರಿಯರ ನಾಲಗೆಯಲ್ಲಿ ಮೊದಲು ನಿಲ್ಲಬೇಕು. ಏಕೆಂದರೆ ಇಂತಹ ಹೆಸರುಗಳಲ್ಲಿ ಅನೇಕವು ಮನೆಯಲ್ಲಿ ಹುಟ್ಟಿಯೇ ಶಾಲೆಗೆ ಬರುವುವು. ಮಾತಾಪಿತೃಗಳು ಇದನ್ನು ದಯವಿಟ್ಟು ಗಮನಿಸಬೇಕು.

ಪೂರ್ವ ವಿದ್ಯಾರ್ಥಿನಿಯರಲ್ಲಿಯೂ ಒಂದು ವಿಜ್ಞಾಪನೆ. ಸಮ್ಮೇಳನದಲ್ಲಿ ಹಳೆಯ ಗೆಳತಿಯನ್ನು ಕಂಡೊಡನೆ ಹಳೆಯ ಹೆಸರು ಬಾಯಿಗೆ ಬರುವುದು ಸಹಜ. ಮೊದಲು ಅವಳ ನಿಜನಾಮವನ್ನೇ ಹಿಡಿದು ಕರೆಯಿರಿ. ಅಡ್ಡಹೆಸರು ಅವಳಿಗೆ ಪ್ರಿಯವಾಗಿದ್ದರೆ ಅವಳೇ ಅದನ್ನು ನೆನಪಿಸುವಳು.